ಎವರೆಸ್ಟ್ ಹತ್ತಿದ ತಂಡದಲ್ಲೂ ಜಗಳವಿತ್ತು



ಎವರೆಸ್ಟ್ ಶಿಖರವನ್ನು ಮೊದಲು ಹತ್ತಿದವರು ಯಾರು ಅಂತ ಮೇಷ್ಟ್ರು ಕೇಳಿದರೆ ‘ತೇನ್‌ಸಿಂಗ್ ಮತ್ತು ಹಿಲರಿ, 1953’ ಅಂತ ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ಉತ್ತರ ಸರಿ. ಆದರೆ ಆ ‘ಮತ್ತು’ ಅನ್ನೋ ಪದ ಅಷ್ಟು ಸುಲಭವಾಗಿ ಬಂದದ್ದಲ್ಲ.

ಆ ತಂಡದ ನಾಯಕ ಜಾನ್ ಹಂಟ್, ಬ್ರಿಟಿಷ್ ಸೈನ್ಯದ ಅಧಿಕಾರಿ. ಹಿಲರಿ ನ್ಯೂಜಿಲೆಂಡಿನಲ್ಲಿ ಜೇನು ಸಾಕುತ್ತಿದ್ದವರು. ಡಾಕ್ಟರು, ವಿಜ್ಞಾನಿ, ಶಾಲಾ ಮೇಷ್ಟ್ರು ಕೂಡ ತಂಡದಲ್ಲಿದ್ದರು. ತೇನ್‌ಸಿಂಗ್ ನೋರ್ಗೆ ಶೆರ್ಪಾಗಳ ಸರ್ದಾರ, ಅಂದರೆ ಮುಖ್ಯಸ್ಥ. ಅವರು ಶಾಲೆಗೆ ಹೋದವರಲ್ಲ, ಆದರೆ ಹಲವು ಭಾಷೆ ಮಾತಾಡುತ್ತಿದ್ದರು. 1952ರಲ್ಲೇ ಸ್ವಿಸ್ ತಂಡದ ಲ್ಯಾಂಬರ್ಟ್ ಜೊತೆ ಸುಮಾರು 8600 ಮೀಟರ್ ಎತ್ತರ ಮುಟ್ಟಿ ಬಂದಿದ್ದರು. ಸಾಮಾನು ಹೊರಲು 350ಕ್ಕೂ ಹೆಚ್ಚು ಆಳುಗಳಿದ್ದರು.

ಜಗಳ ಶುರುವಾದದ್ದು ಬೆಟ್ಟದಲ್ಲಲ್ಲ, ಕಠ್ಮಂಡುವಿನಲ್ಲಿ. ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ಬಿಳಿಯರಿಗೆ ಕೋಣೆ, ಶೆರ್ಪಾಗಳಿಗೆ ಕಾರು ನಿಲ್ಲಿಸುವ ಶೆಡ್ಡಿನ ನೆಲ! ಪಾಯಿಖಾನೆಯೂ ಇರಲಿಲ್ಲ. ಬೆಳಿಗ್ಗೆ ಎದ್ದವರೇ ಕಚೇರಿಯ ಎದುರಿನ ರಸ್ತೆಯಲ್ಲೇ ಮೂತ್ರ ಮಾಡಿ ಸಿಟ್ಟು ತೀರಿಸಿಕೊಂಡರು. (ಗೋಡೆ ಪತ್ರಿಕೆಯಲ್ಲಿ ಇದನ್ನು ಬರೆಯೋದಾ ಅಂತ ಯೋಚನೆಯಾಯಿತು. ನಡೆದದ್ದು ನಿಜ, ಅದಕ್ಕೇ ಬರೆದೆ.) ಮುಂದೆ ಬಟ್ಟೆ, ಸಲಕರಣೆಗಳ ವಿಷಯಕ್ಕೂ ತಕರಾರಾಯಿತು. ಎರಡೂ ಕಡೆಗೆ ಮಾತು ಮುಟ್ಟಿಸುವ ಪಾಡು ತೇನ್‌ಸಿಂಗರದ್ದು.

ಇಲ್ಲಿ ಒಂದು ಗಮನಿಸಿ. ಅವರ ಭಾಷೆ ಬೇರೆ, ಊಟ ಬೇರೆ, ದೇವರು ಬೇರೆ. ಆದರೆ ಜಗಳ ಎದ್ದದ್ದು ಅದಕ್ಕಲ್ಲ. ಒಂದೇ ಕೆಲಸಕ್ಕೆ ಹೊರಟವರಲ್ಲಿ ಕೆಲವರಿಗೆ ಹಾಸಿಗೆ, ಕೆಲವರಿಗೆ ನೆಲ ಅಂದಾಗ ಎದ್ದದ್ದು. ಶೆರ್ಪಾಗಳ ಸಿಟ್ಟು ನ್ಯಾಯವಾದದ್ದೇ ಅಂತ ನನ್ನ ಅಭಿಪ್ರಾಯ.

ಬೆಟ್ಟ ಹತ್ತುವಾಗ ಲೆಕ್ಕ ಬದಲಾಯಿತು. ಖುಂಬು ಹಿಮಪಾತದ ಹತ್ತಿರ ಹಿಲರಿ ಕಾಲಿಟ್ಟ ಮಂಜುಗಡ್ಡೆ ಕುಸಿದು ಅವರು ಬಿರುಕಿನೊಳಗೆ ಬಿದ್ದರು. ಇಬ್ಬರ ಸೊಂಟಕ್ಕೂ ಒಂದೇ ಹಗ್ಗ. ತೇನ್‌ಸಿಂಗ್ ತಕ್ಷಣ ಹಿಮಗೊಡಲಿಯನ್ನು ನೆಟ್ಟು ಹಗ್ಗ ಬಿಗಿಹಿಡಿದು ಉಳಿಸಿದರು. ಇಂಥ ಜೊತೆಗಾರ ಬೇಕು ಅಂತ ಹಿಲರಿಗೆ ಅನ್ನಿಸಿತು.

ಶಿಖರಕ್ಕೆ ಮೊದಲು ಹೊರಟವರು ಇವರಲ್ಲ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಮೇ 26ರಂದು ಇವಾನ್ಸ್ ಮತ್ತು ಬೋರ್ಡಿಲನ್ ತುದಿಗೆ ಇನ್ನು ಸುಮಾರು 100 ಮೀಟರ್ ಎತ್ತರ ಇರುವಷ್ಟರವರೆಗೆ ಹೋದರು. ಹೊತ್ತಾಗಿತ್ತು, ಆಮ್ಲಜನಕದ ಉಪಕರಣವೂ ಕೈಕೊಟ್ಟಿತ್ತು. ಬೋರ್ಡಿಲನ್‌ಗೆ ಮುಂದೆ ಹೋಗುವ ಆಸೆ. ಇವಾನ್ಸ್ ಬೇಡವೇ ಬೇಡ ಅಂದರು. ಅಷ್ಟು ಹತ್ತಿರ ಹೋಗಿ ವಾಪಸ್ ಬರುವುದು ಎಷ್ಟು ಸಂಕಟ! ಆದರೂ ತಾವು ಬಿಟ್ಟು ಬಂದ ಆಮ್ಲಜನಕದ ಸಿಲಿಂಡರುಗಳು ಎಲ್ಲಿವೆ, ಮುಂದಿನ ದಾರಿ ಹೇಗಿದೆ ಅಂತ ಎರಡನೇ ಜೋಡಿಗೆ ತಿಳಿಸಿದರು. ನಾಯಕ ಹಂಟ್ ಮತ್ತು ಶೆರ್ಪಾ ದಾ ನಾಮ್‌ಗ್ಯಾಲ್ ಅದೇ ದಿನ ಎರಡನೇ ಜೋಡಿಗಾಗಿ ಸಾಮಾನು ಹೊತ್ತು ಮೇಲಿಟ್ಟರು. ನಾಯಕರೇ ಹೊರೆ ಹೊತ್ತರು, ನೋಡಿ.

ಮೇ 29, ಬೆಳಿಗ್ಗೆ 11.30. ಹಿಲರಿ ತಮ್ಮ ಪದ್ಧತಿಯಂತೆ ಕೈಕುಲುಕಲು ಕೈ ಚಾಚಿದರು. ತೇನ್‌ಸಿಂಗರಿಗೆ ಅದು ಸಾಲಲಿಲ್ಲ, ತಬ್ಬಿಕೊಂಡರು! ತೇನ್‌ಸಿಂಗ್ ಹಿಮದಲ್ಲಿ ದೇವರಿಗೆ ಸಿಹಿತಿಂಡಿ ಇಟ್ಟರು, ಮಗಳು ಕೊಟ್ಟ ಪೆನ್ಸಿಲನ್ನೂ ಇಟ್ಟರು. ಹಿಲರಿ, ಹಂಟ್ ಕೊಟ್ಟಿದ್ದ ಶಿಲುಬೆ ಇಟ್ಟರು. ಶಿಖರದ ಮೇಲಿನ ಪ್ರಸಿದ್ಧ ಚಿತ್ರದಲ್ಲಿರುವುದು ತೇನ್‌ಸಿಂಗ್. ತೆಗೆದವರು ಹಿಲರಿ.

ಕೆಳಗೆ ಬಂದ ಮೇಲೆ ಮತ್ತೆ ಜಗಳ. ಈ ಸಲ ಅವರಿಬ್ಬರದ್ದಲ್ಲ, ಜನರದ್ದು, ಪತ್ರಿಕೆಗಳದ್ದು. ಯಾರ ಕಾಲು ಮೊದಲು? ನಮ್ಮವರದ್ದೋ, ಅವರದ್ದೋ? ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ತಲುಪಿದೆವು ಅಂತ ಬರೆದು ಸಹಿ ಹಾಕಿಕೊಟ್ಟರು. ಹಗ್ಗ ಒಂದೇ ಇದ್ದಾಗ ಈ ಪ್ರಶ್ನೆಗೆ ಅರ್ಥ ಏನು ಅಂತ ಹತ್ತಿದವರಿಗೆ ಗೊತ್ತಿತ್ತು, ಕೇಳಿದವರಿಗೆ ಗೊತ್ತಿರಲಿಲ್ಲ. ಕೊನೆಗೆ 1955ರಲ್ಲಿ ಬಂದ ಆತ್ಮಕಥೆಯಲ್ಲಿ ತೇನ್‌ಸಿಂಗರೇ ಹೇಳಿದರು: ಮೊದಲು ಕಾಲಿಟ್ಟದ್ದು ಹಿಲರಿ, ಹಿಂದೆಯೇ ತಾನು.