ಸಾಕ್ಷಿಗೆ ಪಾಟೀಸವಾಲು: ಅಮೆರಿಕದ ಕಪ್ಪು ಜನರ ಚರಿತ್ರೆ ಹೇಳಿದ ಮೂರು ಸಾಕ್ಷ್ಯಚಿತ್ರಗಳು

ಡಾಕ್ಯುಮೆಂಟರಿ ಎಂಬ ಮಾತಿಗೆ ಕನ್ನಡದಲ್ಲಿ ಸಾಕ್ಷ್ಯಚಿತ್ರವೆಂಬ ಹೆಸರು ನಿಂತಿದೆ. ಹೆಸರು ಬಹಳ ಒಪ್ಪುವಂಥದು. ಸಾಕ್ಷಿಯೆಂದ ಮೇಲೆ ಅದಕ್ಕೊಂದು ಕಟಕಟೆ ಉಂಟು, ಪಾಟೀಸವಾಲೂ ಉಂಟು. ಸಾಕ್ಷಿ ಹೇಳಿದ್ದನ್ನೆಲ್ಲ ಹಾಗೆಯೇ ನಂಬುವವನು ಒಳ್ಳೆಯ ನ್ಯಾಯಾಧೀಶನಲ್ಲ. ಸಾಕ್ಷಿ ಬಡವನೆಂದು ಅವನ ಮಾತನ್ನೇ ಕೇಳದವನೂ ಅಲ್ಲ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ್ದು ಬೆಳ್ಳಿತೆರೆಗೂ ಸಲ್ಲುತ್ತದೆ.

ಹಿಂದೆ ನಮ್ಮ ಸಿನಿಮಾ ಮಂದಿರಗಳಲ್ಲಿ ಮುಖ್ಯ ಚಿತ್ರಕ್ಕೆ ಮುಂಚೆ ಸರ್ಕಾರದ ಫಿಲ್ಮ್ಸ್ ಡಿವಿಷನ್ ತಯಾರಿಸಿದ ಕಿರುಚಿತ್ರಗಳನ್ನು ತೋರಿಸುತ್ತಿದ್ದುದು ಹಿರಿಯ ವಾಚಕರಿಗೆ ನೆನಪಿದ್ದೀತು. ಸ್ವತಂತ್ರ ಸಾಕ್ಷ್ಯಚಿತ್ರ ಅದಕ್ಕಿಂತ ಬೇರೆ. ಸರ್ಕಾರವಾಗಲಿ ದೊಡ್ಡ ಚಿತ್ರಸಂಸ್ಥೆಯಾಗಲಿ ಹೇಳಿ ಮಾಡಿಸಿದ್ದಲ್ಲ. ಆದಕಾರಣ ಅದರಲ್ಲಿ ಧೈರ್ಯವೂ ಹೆಚ್ಚು, ಹಣದ ಅಡಚಣೆಯೂ ಹೆಚ್ಚು, ವಿವಾದವೂ ಹೆಚ್ಚು. ಅಮೆರಿಕದ ವರ್ಣದ್ವೇಷವನ್ನು ಕುರಿತ ಇಂಥ ಮೂರು ಚಿತ್ರಗಳನ್ನು ಈ ಪಾಠದಲ್ಲಿ ಪರಿಶೀಲಿಸೋಣ.

ಒಂದು: ಮೊಳೆಯ ತಲೆಗಳು

ಫ್ರೆಡ್ ಹ್ಯಾಂಪ್ಟನ್ ೨೧ ವರ್ಷದ ತರುಣ. ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಇಲಿನಾಯ್ ಶಾಖೆಯ ಅಧ್ಯಕ್ಷ. ಆ ಪಕ್ಷದವರು ಬಡ ಮಕ್ಕಳಿಗೆ ಬೆಳಗಿನ ಉಪಾಹಾರವನ್ನು ಉಚಿತವಾಗಿ ಕೊಡುತ್ತಿದ್ದರು. ಆತ್ಮರಕ್ಷಣೆಗೆಂದು ಬಂದೂಕನ್ನೂ ಇಟ್ಟುಕೊಂಡಿದ್ದರು. ೧೯೬೯ರ ಡಿಸೆಂಬರ್ ೪ರಂದು, ಬೆಳಗಾಗುವ ಮುಂಚೆ, ಚಿಕಾಗೋ ನಗರದಲ್ಲಿ ಅವನಿದ್ದ ಮನೆಗೆ ೧೪ ಮಂದಿ ಪೊಲೀಸರು ನುಗ್ಗಿದರು. ಹ್ಯಾಂಪ್ಟನ್ ಮತ್ತು ೨೨ ವರ್ಷದ ಮಾರ್ಕ್ ಕ್ಲಾರ್ಕ್ ಗುಂಡಿಗೆ ಬಲಿಯಾದರು. ಒಳಗಿದ್ದವರು ಗುಂಡು ಹಾರಿಸಿದ್ದರಿಂದ ಘೋರ ಕಾಳಗವೇ ನಡೆಯಿತೆಂದು ಸರ್ಕಾರಿ ವಕೀಲ ಎಡ್ವರ್ಡ್ ಹ್ಯಾನ್ರಹನ್ ಪ್ರಕಟಿಸಿದರು. ದಾಳಿ ಮಾಡಿದ ಪೊಲೀಸರು ಅವರ ಕಚೇರಿಗೇ ಸೇರಿದವರು.

ಇಲ್ಲಿ ಅಧಿಕಾರಿಗಳು ಒಂದು ಕೆಲಸವನ್ನು ಮರೆತರು. ಮನೆಗೆ ಬೀಗಮುದ್ರೆ ಹಾಕಲಿಲ್ಲ. ಹೋವರ್ಡ್ ಆಕ್ ಎಂಬ ನಿರ್ದೇಶಕರೂ ಮೈಕ್ ಗ್ರೇ ಎಂಬ ನಿರ್ಮಾಪಕರೂ ಹ್ಯಾಂಪ್ಟನ್‌ನನ್ನು ಕುರಿತು ಆಗಲೇ ಚಿತ್ರವೊಂದನ್ನು ತಯಾರಿಸುತ್ತಿದ್ದರು. ಅವರ ತಂಡ ಕ್ಯಾಮೆರಾ ಹಿಡಿದು ಆ ಮನೆಯೊಳಗೆ ಹೋಗಿ ಬಾಗಿಲು, ಗೋಡೆ, ಹಾಸಿಗೆ, ಗುಂಡಿನ ತೂತುಗಳನ್ನು ಒಂದೊಂದಾಗಿ ಸೆರೆಹಿಡಿಯಿತು. ಪ್ಯಾಂಥರ್ ಪಕ್ಷದವರು ಸಾರ್ವಜನಿಕರಿಗೂ ಮನೆಯನ್ನು ತೋರಿಸಿದರು. ಸಾವಿರಾರು ಜನ ಸಾಲುಗಟ್ಟಿ ಬಂದು ನೋಡಿಹೋದರು.

ಕೆಲವು ದಿನಗಳ ಮೇಲೆ ‘ಚಿಕಾಗೋ ಟ್ರಿಬ್ಯೂನ್’ ಪತ್ರಿಕೆ ಸರ್ಕಾರಿ ವಕೀಲರ ಕಡೆಯಿಂದ ಬಂದ ಛಾಯಾಚಿತ್ರಗಳನ್ನು ಅಚ್ಚು ಹಾಕಿತು. ಒಳಗಿನಿಂದ ಹಾರಿದ ಗುಂಡಿನ ತೂತುಗಳೆಂದು ಅದರಲ್ಲಿ ಗುರುತು ಮಾಡಿತ್ತು. ಬೇರೆ ಪತ್ರಿಕೆಯವರು ಹೋಗಿ ನೋಡಿದರೆ ಅವು ಮೊಳೆಯ ತಲೆಗಳು! ೧೯೭೦ರಲ್ಲಿ ಕೇಂದ್ರ ಸರ್ಕಾರದ ಗ್ರ್ಯಾಂಡ್ ಜ್ಯೂರಿ ಪರಿಶೀಲಿಸಿ ವರದಿ ಕೊಟ್ಟಿತು. ಪೊಲೀಸರು ಹಾರಿಸಿದ ಗುಂಡುಗಳು ೮೨ಕ್ಕೂ ೯೯ಕ್ಕೂ ನಡುವೆ. ಒಳಗಿದ್ದವರ ಕಡೆಯಿಂದ ಹಾರಿರಬಹುದಾದದ್ದು ಒಂದೇ ಒಂದು.

‘ದಿ ಮರ್ಡರ್ ಆಫ್ ಫ್ರೆಡ್ ಹ್ಯಾಂಪ್ಟನ್’ ಎಂಬ ಹೆಸರಿನಲ್ಲಿ ಚಿತ್ರ ೧೯೭೧ರಲ್ಲಿ ಹೊರಬಂತು. ಹ್ಯಾನ್ರಹನ್ ಮೇಲೆ ನ್ಯಾಯಕ್ಕೆ ಅಡ್ಡಿ ಮಾಡಿದ ಆರೋಪ ಬಂದರೂ ೧೯೭೨ರಲ್ಲಿ ಬಿಡುಗಡೆಯಾಯಿತು. ಅದೇ ವರ್ಷದ ಚುನಾವಣೆಯಲ್ಲಿ ಅವರು ಸೋತರು. ೧೯೮೨ರಲ್ಲಿ ಬದುಕುಳಿದವರಿಗೂ ಸತ್ತವರ ಮನೆಯವರಿಗೂ ಒಟ್ಟು ೧೮,೫೦,೦೦೦ ಡಾಲರ್ ಕೊಡಲು ಒಪ್ಪಂದವಾಯಿತು.

ಈಗ ಪಾಟೀಸವಾಲು. ಚಿತ್ರದ ಹೆಸರೇ ಕೊಲೆ ಎನ್ನುತ್ತದೆ. ಯಾವ ನ್ಯಾಯಾಲಯವೂ ಯಾರನ್ನೂ ಕೊಲೆಗಾರರೆಂದು ತೀರ್ಮಾನಿಸಲಿಲ್ಲ. ಚಿತ್ರಕಾರರ ಅನುಕಂಪ ಎತ್ತಕಡೆ ಎಂಬುದು ಗುಟ್ಟಲ್ಲ. ಹಾಗಾದರೆ ಚಿತ್ರವನ್ನು ತಳ್ಳಿಹಾಕಬೇಕೆ? ಬೇಡ. ಕ್ಯಾಮೆರಾ ತೋರಿಸಿದ ಬಾಗಿಲು ಒಂದು. ಅದರಿಂದ ಚಿತ್ರಕಾರರು ತೆಗೆದ ತೀರ್ಪು ಇನ್ನೊಂದು. ತೀರ್ಪಿನ ಬಗೆಗೆ ಜಗಳವಾಡಬಹುದು; ಬಾಗಿಲಿನ ಬಗೆಗೆ ಆಡಲಾಗದು. ಈ ಎರಡನ್ನೂ ಬೇರ್ಪಡಿಸಿ ನೋಡುವುದೇ ಮೊದಲ ಪಾಠ.

ಇನ್ನೊಂದು ವಿಷಯ. ಆ ಚಿತ್ರಕ್ಕೆ ಆಗ ತಿಳಿಯದಿದ್ದ ಸಂಗತಿಯೊಂದಿತ್ತು. ಹ್ಯಾಂಪ್ಟನ್‌ನ ರಕ್ಷಣೆಗೆಂದು ಇದ್ದ ವಿಲಿಯಂ ಓನೀಲ್ ಎಂಬವನೇ ಕೇಂದ್ರದ ತನಿಖಾ ಸಂಸ್ಥೆಯಾದ ಎಫ್.ಬಿ.ಐ.ಗೆ ಗುಪ್ತವಾಗಿ ಸುದ್ದಿ ಕೊಡುತ್ತಿದ್ದನೆಂದು ೧೯೭೩ರಲ್ಲಿ ಬಯಲಾಯಿತು. ಮನೆಯ ನಕ್ಷೆಯನ್ನು ಒದಗಿಸಿದವನೂ ಅವನೇ. ೧೯೮೯ರಲ್ಲಿ ಅವನು ಕ್ಯಾಮೆರಾದ ಮುಂದೆ ಕುಳಿತು ಮಾತಾಡಿದ. ಮಾತಾಡಿಸಿದ್ದು ನಮ್ಮ ಎರಡನೆಯ ಚಿತ್ರದವರು.

ಎರಡು: ಕಪಾಟಿನಲ್ಲಿ ಉಳಿದ ಚರಿತ್ರೆ

ಅದರ ಹೆಸರು ‘ಐಸ್ ಆನ್ ದಿ ಪ್ರೈಜ್’. ಗುರಿಯ ಮೇಲೆ ಕಣ್ಣು ಎಂದು ಅರ್ಥ. ನಿರ್ಮಾಪಕರು ಹೆನ್ರಿ ಹ್ಯಾಂಪ್ಟನ್. ಹೆಸರು ಕಂಡು ಫ್ರೆಡ್‌ನ ಅಣ್ಣನೋ ತಮ್ಮನೋ ಎಂದು ತಿಳಿಯಬಾರದು. ಹದಿಹರೆಯದಲ್ಲೇ ಪೋಲಿಯೋ ತಗುಲಿ ಇವರ ಕಾಲು ಊನವಾಗಿತ್ತು. ೧೯೬೫ರಲ್ಲಿ ಅಲಬಾಮಾ ಸಂಸ್ಥಾನದ ಸೆಲ್ಮಾ ಊರಿನಲ್ಲಿ ಮತದಾನದ ಹಕ್ಕಿಗಾಗಿ ನಡೆದ ಮೆರವಣಿಗೆಯಲ್ಲಿ ಆ ಕಾಲಿನಿಂದಲೇ ನಡೆದರು. ಇದನ್ನು ಚಿತ್ರವಾಗಿ ಹೇಳಬೇಕೆಂಬ ಯೋಚನೆ ಹುಟ್ಟಿದ್ದು ಅಲ್ಲಿ. ೧೯೬೮ರಲ್ಲಿ ಬಾಸ್ಟನ್ನಿನಲ್ಲಿ ‘ಬ್ಲ್ಯಾಕ್‌ಸೈಡ್’ ಎಂಬ ಸ್ವಂತ ಸಂಸ್ಥೆ ಕಟ್ಟಿದರು. ಚಿತ್ರ ತೆರೆಗೆ ಬಂದದ್ದು ಮಾತ್ರ ೧೯೮೭ರಲ್ಲಿ: ಆರು ಭಾಗ. ೧೯೯೦ರಲ್ಲಿ ಇನ್ನೂ ಎಂಟು.

ಇವರ ಕ್ರಮ ಗಮನಿಸತಕ್ಕದ್ದು. ಚಳವಳಿಯಲ್ಲಿ ಕಾಲಿಟ್ಟು ನಡೆದವರನ್ನೇ, ಊರಿನ ಸಾಮಾನ್ಯ ಜನರನ್ನೇ ಮಾತಾಡಿಸಿದರು. ಎದುರು ಪಕ್ಷವನ್ನೂ ಬಿಡಲಿಲ್ಲ. ಬಿಳಿಯರೂ ಕಪ್ಪು ಜನರೂ ಬೇರೆಬೇರೆಯಾಗಿಯೇ ಇರಬೇಕೆಂದು ಹಟ ಹಿಡಿದಿದ್ದ ಗವರ್ನರ್ ಜಾರ್ಜ್ ವಾಲೇಸ್ ಅವರ ಮಾತನ್ನೂ ಪಡೆದರು. ಆದುದರಿಂದ ವಿರೋಧಿಗಳಿಗೂ ಇದನ್ನು ಬರಿಯ ಪ್ರಚಾರವೆಂದು ತಳ್ಳಿಹಾಕುವುದು ಸುಲಭವಾಗಲಿಲ್ಲ.

ಇಷ್ಟಾದರೂ ಚಿತ್ರಕ್ಕೆ ಬೇರೊಂದು ಬಗೆಯ ಗಂಡಾಂತರ ಬಂತು. ಹಳೆಯ ಸುದ್ದಿಚಿತ್ರದ ತುಣುಕು, ಛಾಯಾಚಿತ್ರ, ಹಾಡು—ಪ್ರತಿಯೊಂದಕ್ಕೂ ಒಬ್ಬ ಮಾಲೀಕ. ಹಣ ಕಟ್ಟಿ ಅನುಮತಿ ಪಡೆಯಬೇಕು. ಕೈಯಲ್ಲಿ ಹಣ ಸಾಲದ್ದರಿಂದ ಕೆಲವು ವರ್ಷಗಳ ಮಟ್ಟಿಗೆ ಮಾತ್ರ ಅನುಮತಿ ಕೊಂಡಿದ್ದರು. ೧೯೯೦ರ ದಶಕದ ನಡುವೆ ಅವಧಿ ತೀರಿತು. ಟೆಲಿವಿಷನ್ನಿನಲ್ಲಿ ತೋರಿಸುವಂತಿಲ್ಲ, ಹೊಸ ಪ್ರತಿ ಮಾರುವಂತಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಗೆಳೆಯರು ಹುಟ್ಟುಹಬ್ಬದ ಹಾಡು ಹೇಳುವ ದೃಶ್ಯಕ್ಕೂ ಹಾಡಿನ ಹಕ್ಕಿನ ತೊಡಕು! ಶಾಲೆಗಳೂ ಗ್ರಂಥಾಲಯಗಳೂ ಸವೆದ ಹಳೆಯ ಟೇಪುಗಳನ್ನೇ ನೆಚ್ಚಿಕೊಂಡವು. ೧೯೯೮ರಲ್ಲಿ ಹೆನ್ರಿ ಹ್ಯಾಂಪ್ಟನ್ ತೀರಿಕೊಂಡರು.

೨೦೦೫ರಲ್ಲಿ ಕೆಲವು ತರುಣರು, ಅನುಮತಿ ಇರಲಿ ಬಿಡಲಿ, ಊರೂರಿನಲ್ಲಿ ಚಿತ್ರ ತೋರಿಸಿರೆಂದು ಕರೆಕೊಟ್ಟರು. ಹಕ್ಕುದಾರರ ಕಡೆಯ ವಕೀಲರು ಆಕ್ಷೇಪಿಸಿದರು. ಕೊನೆಗೆ ಫೋರ್ಡ್ ಪ್ರತಿಷ್ಠಾನ ೬ ಲಕ್ಷ ಡಾಲರ್, ದಾನಿಯೊಬ್ಬರು ಎರಡೂವರೆ ಲಕ್ಷ ಡಾಲರ್ ಕೊಟ್ಟ ಮೇಲೆ ಹಕ್ಕುಗಳನ್ನು ಮತ್ತೆ ಕೊಂಡು ೨೦೦೬ರಲ್ಲಿ ಮರುಪ್ರಸಾರ ಮಾಡಿದರು. ಚರಿತ್ರೆಯ ಬಾಯಿ ಕಟ್ಟಲು ಸರ್ಕಾರದ ನಿಷೇಧವೇ ಬೇಕೆಂದಿಲ್ಲ. ಹಣ ಕಟ್ಟುವ ಶಕ್ತಿ ಇಲ್ಲದಿದ್ದರೂ ಅದು ಕಪಾಟಿನಲ್ಲೇ ಉಳಿದೀತು. ಇದು ಎರಡನೆಯ ಪಾಠ.

ಮೂರು: ಮುಚ್ಚಿದ ಕಡತ

೧೯೫೫ರ ಆಗಸ್ಟ್ ತಿಂಗಳಲ್ಲಿ ಚಿಕಾಗೋದ ಎಮೆಟ್ ಟಿಲ್ ಎಂಬ ೧೪ ವರ್ಷದ ಹುಡುಗ ಮಿಸಿಸಿಪಿಯ ನಂಟರ ಮನೆಗೆ ಹೋಗಿದ್ದ. ಬಿಳಿಯ ಹೆಂಗಸೊಬ್ಬಳೊಡನೆ ಸಲಿಗೆಯಿಂದ ನಡೆದುಕೊಂಡನೆಂದು ಅವನನ್ನು ರಾತ್ರಿ ಎತ್ತಿಕೊಂಡು ಹೋಗಿ ಕೊಂದು ನದಿಗೆ ಎಸೆದರು. ಮಗನ ಮುಖವನ್ನು ಜಗತ್ತೇ ನೋಡಲಿ ಎಂದು ತಾಯಿ ಶವಪೆಟ್ಟಿಗೆಯನ್ನು ತೆರೆದೇ ಇಡಿಸಿದಳು. ಬಿಳಿಯರೇ ತುಂಬಿದ್ದ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಇಬ್ಬರು ಆರೋಪಿಗಳನ್ನು ಬಿಟ್ಟಿತು. ೧೯೫೬ರ ಜನವರಿಯಲ್ಲಿ ಅವರೇ ‘ಲುಕ್’ ಪತ್ರಿಕೆಯಲ್ಲಿ ತಾವು ಕೊಂದದ್ದು ನಿಜವೆಂದು ಹೇಳಿಕೊಂಡರು. ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ ಕೂಡದಾದ್ದರಿಂದ ಅವರಿಗೆ ಏನೂ ಆಗಲಿಲ್ಲ.

ಕೀತ್ ಬೋಶಾಂಪ್ ಎಂಬ ತರುಣ ವರ್ಷಗಟ್ಟಲೆ ಸಾಕ್ಷಿಗಳನ್ನು ಹುಡುಕಿ ಈ ಪ್ರಕರಣದ ಬಗೆಗೆ ಚಿತ್ರ ಮಾಡಿದರು. ಅದು ೨೦೦೫ರಲ್ಲಿ ಬಿಡುಗಡೆಯಾಯಿತು. ಅವರ ಶೋಧನೆಯೂ ಕಾರಣವಾಗಿ ೨೦೦೪ರಲ್ಲೇ ನ್ಯಾಯ ಇಲಾಖೆ ಕಡತವನ್ನು ಮತ್ತೆ ತೆರೆದಿತ್ತು. ಹದಿನಾಲ್ಕು ಮಂದಿಯವರೆಗೂ ಕೈವಾಡವಿದ್ದಿರಬಹುದು, ಐವರು ಆಗ ಇನ್ನೂ ಬದುಕಿದ್ದರು ಎಂಬುದು ಬೋಶಾಂಪ್ ಅವರ ವಾದವಾಗಿತ್ತು. ಆದರೆ ೨೦೦೭ರಲ್ಲಿ ಮಿಸಿಸಿಪಿಯ ಗ್ರ್ಯಾಂಡ್ ಜ್ಯೂರಿ ಯಾರ ಮೇಲೂ ಆರೋಪ ಹೊರಿಸಲಿಲ್ಲ. ಆಮೇಲಿನ ಇನ್ನೊಂದು ತನಿಖೆಯೂ ೨೦೨೧ರಲ್ಲಿ ಹಾಗೆಯೇ ಮುಗಿಯಿತು. ಮುಚ್ಚಿದ ಕಡತವನ್ನು ತೆರೆಸುವ ಬಲ ಚಿತ್ರಕ್ಕೆ ಉಂಟು. ಆರೋಪವನ್ನು ರುಜುವಾತುಪಡಿಸುವುದು ಬೇರೆಯ ಕೆಲಸ. ಇದು ಮೂರನೆಯ ಪಾಠ.

ನಮಗೇಕೆ ಈ ವಿಚಾರ?

೧೯೭೨ರಲ್ಲಿ ಮುಂಬಯಿಯ ದಲಿತ ತರುಣರು ತಮ್ಮ ಸಂಘಟನೆಗೆ ದಲಿತ ಪ್ಯಾಂಥರ್ಸ್ ಎಂದು ಹೆಸರಿಟ್ಟದ್ದು ಅಮೆರಿಕದ ಆ ಪಕ್ಷವನ್ನು ನೋಡಿಯೇ. ಹ್ಯಾಂಪ್ಟನ್ ಸತ್ತು ಆಗ ಮೂರು ವರ್ಷವೂ ತುಂಬಿತ್ತೋ ಇಲ್ಲವೋ. ಅಲ್ಲಿಯ ನೋವು ಇಲ್ಲಿಯವರಿಗೆ ಅಷ್ಟು ಬೇಗ ಅರ್ಥವಾಗಿತ್ತು. ಅಲ್ಲದೆ ನಮ್ಮಲ್ಲಿ ಹಲವರು ಕಚೇರಿಯಲ್ಲಿ ಕಡತ ಬರೆದು ಹೊಟ್ಟೆ ಹೊರೆಯುವವರು. ಕಡತದಲ್ಲಿ ಬಿದ್ದ ಮಾತು ಹೇಗೆ ನಿಜವೆನಿಸಿಕೊಳ್ಳುತ್ತದೆ, ಬೀಳದ ಮಾತು ಹೇಗೆ ಇಲ್ಲವಾಗುತ್ತದೆ ಎಂಬುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊಳೆಯ ತಲೆಗೆ ಗುಂಡಿನ ತೂತೆಂದು ಷರಾ ಬರೆದರೆ, ಹೋಗಿ ನೋಡುವವರು ಇರುವವರೆಗೆ ಮಾತ್ರ ಅದು ಸುಳ್ಳು.

ಅಭ್ಯಾಸಕ್ಕೆ ಪ್ರಶ್ನೆಗಳು

ಯಾವುದೇ ಸಾಕ್ಷ್ಯಚಿತ್ರ ನೋಡಿದ ಮೇಲೆ ಇವನ್ನು ಕೇಳಿಕೊಳ್ಳಿರಿ, ಗೆಳೆಯರೊಡನೆ ಚರ್ಚಿಸಿರಿ.

೧. ಮಾತಾಡುವವರು ಕಣ್ಣಾರೆ ಕಂಡವರೇ, ಕೇಳಿ ಹೇಳುವವರೇ?
೨. ತೆರೆಯ ಮೇಲೆ ಕಂಡದ್ದೆಷ್ಟು? ನಿರೂಪಕನು ಮಾತಿನಲ್ಲಿ ಸೇರಿಸಿದ್ದೆಷ್ಟು?
೩. ಎದುರು ಪಕ್ಷದ ಮಾತಿಗೆ ಎಡೆ ಕೊಟ್ಟಿದೆಯೇ?
೪. ಖರ್ಚು ಕೊಟ್ಟವರು ಯಾರು? ಅದರಿಂದ ಯಾವ ಮಾತು ಬಿಟ್ಟುಹೋಗಿರಬಹುದು?
೫. ಚಿತ್ರ ಬಂದ ಮೇಲೆ ಹೊರಬಿದ್ದ ದಾಖಲೆಗಳು ಅದನ್ನು ಬಲಪಡಿಸುತ್ತವೆಯೇ, ಸಡಿಲಗೊಳಿಸುತ್ತವೆಯೇ?