ಹಿಮೋಫಿಲಿಯಾ: ಒಂದು ಮನೆಯ ಕಷ್ಟಕ್ಕೆ ಹತ್ತು ಮನೆಗಳ ಹೆಗಲು



ಅಂಬೆಗಾಲಿಡುವ ಗಂಡುಮಗುವಿನ ಮೊಣಕಾಲು ಪದೇ ಪದೇ ಊದಿಕೊಳ್ಳುತ್ತಿದೆಯೇ? ಹಲ್ಲು ಬಿದ್ದ ಜಾಗದಲ್ಲಿ ರಕ್ತ ನಿಲ್ಲುತ್ತಿಲ್ಲವೇ? ಹಾಗಿದ್ದರೆ ಹಿಮೋಫಿಲಿಯಾ ಪರೀಕ್ಷೆ ಮಾಡಿಸಿ. ಇದನ್ನು ಕುಸುಮ ರೋಗ ಎಂದೂ ಕರೆಯುತ್ತಾರೆ. ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 (‘ಎ’ ವಿಧ) ಅಥವಾ ಫ್ಯಾಕ್ಟರ್ 9 (‘ಬಿ’ ವಿಧ) ಕಡಿಮೆ ಇರುವುದೇ ಇದಕ್ಕೆ ಕಾರಣ. ‘ಎ’ ವಿಧವು ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಹುಟ್ಟಿನಿಂದಲೇ ಇರುತ್ತದೆ. ಇದು ಅಂಟುರೋಗವಲ್ಲ.

ತಾಯಿಯ ತಪ್ಪಲ್ಲ

ವಾಹಕಿಯಾದ ತಾಯಿಗೆ ಹುಟ್ಟುವ ಪ್ರತಿ ಗಂಡುಮಗುವಿಗೆ ಕಾಯಿಲೆ ಬರುವ ಸಂಭವ ಅರ್ಧದಷ್ಟು. ಪ್ರತಿ ಹೆಣ್ಣುಮಗು ವಾಹಕಿಯಾಗುವ ಸಂಭವವೂ ಅಷ್ಟೇ. ಸುಮಾರು ಮೂರನೇ ಒಂದು ಪಾಲು ರೋಗಿಗಳ ಮನೆತನದಲ್ಲಿ ಹಿಂದೆ ಯಾರಿಗೂ ಈ ಕಾಯಿಲೆ ಇರುವುದಿಲ್ಲ. ಆದ್ದರಿಂದ ಸೊಸೆಯನ್ನು ದೂರಬೇಡಿ. ಸೋದರಮಾವನಿಗೆ ಈ ಕಾಯಿಲೆ ಇದ್ದು, ಅಕ್ಕನ ಮಗಳು ವಾಹಕಿಯಾಗಿದ್ದರೆ, ಅವರಿಬ್ಬರ ಮದುವೆಯಿಂದ ಹೆಣ್ಣುಮಕ್ಕಳಿಗೂ ಕಾಯಿಲೆ ಬರಬಹುದು. ಸಂಬಂಧ ಬೆಳೆಸುವ ಮುನ್ನ ವೈದ್ಯರ ಸಲಹೆ ಪಡೆಯಿರಿ.

ತಡ ಮಾಡಿದರೆ ಕಾಲೇ ಹೋಗುತ್ತದೆ

ಕೀಲಿನೊಳಗೆ ರಕ್ತ ಸೋರಿದಾಗ, ಸಾಧ್ಯವಾದರೆ ಎರಡು ಗಂಟೆಯೊಳಗೆ ಫ್ಯಾಕ್ಟರ್ ಚುಚ್ಚುಮದ್ದು ಸಿಗಬೇಕು. ರಾತ್ರಿ ಕಾಲು ಊದಿದರೆ ಅನೇಕರು ಬೆಳಗಿನ ಬಸ್ಸಿಗೆ ಕಾಯುತ್ತಾರೆ. ಹೀಗೆ ಪದೇ ಪದೇ ತಡವಾದರೆ ಮೊಣಕಾಲು ಶಾಶ್ವತವಾಗಿ ಮಡಚಿಕೊಳ್ಳುತ್ತದೆ. ಮುಳಬಾಗಿಲಿನಿಂದ ಕೋಲಾರಕ್ಕೆ ಸುಮಾರು 30 ಕಿ.ಮೀ. ಆ ಹೊತ್ತಿನಲ್ಲಿ ಒಂದು ವಾಹನ, ಜೊತೆಗೆ ಒಬ್ಬ ತಿಳಿದವರು ಇದ್ದರೆ ಮಗುವಿನ ಕಾಲು ಉಳಿಯುತ್ತದೆ. ಸಂಘ ಬೇಕಾಗುವುದು ಇದಕ್ಕೇ.

ಸ್ವಯಂಸೇವಕರು ಏನು ಮಾಡಬಹುದು?

1. ಜಿಲ್ಲಾ ಆಸ್ಪತ್ರೆಯಲ್ಲಿ ಫ್ಯಾಕ್ಟರ್ ದಾಸ್ತಾನು ಇದೆಯೇ ಎಂದು ಆಗಾಗ ವಿಚಾರಿಸಿ, ಎಲ್ಲ ಮನೆಗಳಿಗೂ ತಿಳಿಸುವುದು.
2. ರಾತ್ರಿ ಕರೆದರೆ ಬರುವ ಆಟೋ ಅಥವಾ ಕಾರಿನವರ ಫೋನ್ ನಂಬರ್ ಎಲ್ಲರಿಗೂ ಕೊಡುವುದು.
3. ಶಾಲೆಯ ಮೇಷ್ಟ್ರಿಗೆ ಪ್ರಥಮ ಚಿಕಿತ್ಸೆ ಹೇಳಿಕೊಡುವುದು: ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಐಸ್, ಹದವಾದ ಬ್ಯಾಂಡೇಜ್, ಕಾಲನ್ನು ಎತ್ತರಿಸಿ ಇಡುವುದು.
4. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅರ್ಜಿ ಬರೆದುಕೊಡುವುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾ ಸೇರಿದೆ.

ಇದಕ್ಕೆ ಡಾಕ್ಟರೇ ಆಗಬೇಕಿಲ್ಲ. ಆದರೆ ಚುಚ್ಚುಮದ್ದಿನ ಪ್ರಮಾಣವನ್ನು ವೈದ್ಯರೇ ಹೇಳಬೇಕು.

ನೆನಪಿಡಿ

ಊದಿದ ಕೀಲನ್ನು ತಿಕ್ಕಬೇಡಿ, ಬಿಸಿ ಕಾವು ಕೊಡಬೇಡಿ. ಆಸ್ಪಿರಿನ್ ಕೊಡಬೇಡಿ. ಮಾಂಸಖಂಡಕ್ಕೆ ಸೂಜಿ ಹಾಕುವ ಮುನ್ನ ಕಾಯಿಲೆಯ ವಿಷಯ ತಿಳಿಸಿ. ತಲೆಗೆ ಪೆಟ್ಟು ಬಿದ್ದರೆ ಮಗು ಚೆನ್ನಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಕರೆತನ್ನಿ. ಮೊದಲು ಫ್ಯಾಕ್ಟರ್, ಆಮೇಲೆ ಸ್ಕ್ಯಾನ್.

ದಾವಣಗೆರೆಯ ದಾರಿ

ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿ ಬೆಳೆಸಿದ ಡಾ. ಸುರೇಶ್ ಹನಗವಾಡಿ ಸ್ವತಃ ಈ ಕಾಯಿಲೆಯೊಂದಿಗೆ ಬಾಳಿ ವೈದ್ಯರಾದವರು. 1963ರಲ್ಲಿ ವಿಶ್ವ ಹಿಮೋಫಿಲಿಯಾ ಒಕ್ಕೂಟವನ್ನು ಆರಂಭಿಸಿದ ಕೆನಡಾದ ಫ್ರಾಂಕ್ ಶ್ನಾಬೆಲ್ ಅವರಿಗೂ ಇದೇ ಕಾಯಿಲೆ ಇತ್ತು. ಅವರ ಹುಟ್ಟುಹಬ್ಬವಾದ ಏಪ್ರಿಲ್ 17 ವಿಶ್ವ ಹಿಮೋಫಿಲಿಯಾ ದಿನ. ನೋವು ಉಂಡವರೇ ಸಂಘ ಕಟ್ಟಿದರು.

ನಿಮ್ಮ ತಾಲ್ಲೂಕಿನಲ್ಲಿ ನಾಲ್ಕೈದು ಮನೆಯವರು ಸೇರಿದರೂ ಸಾಕು. ತಿಂಗಳಿಗೊಮ್ಮೆ ಒಂದು ಗಂಟೆ ಕೂತು ಮಾತಾಡಿ. ಆರಂಭಿಸುವ ಮನಸ್ಸಿದ್ದರೆ ನಮ್ಮ ವಾರ್ಡಿನ ಸಿಸ್ಟರ್ ಬಳಿ ನಿಮ್ಮ ಹೆಸರು ಬರೆಸಿ ಹೋಗಿ.