ಮೊದಲು ಸೋರಿದ್ದರ ಲೆಕ್ಕ ಹಾಕು

ಮಗೂ, ನಿನ್ನ ಪಿಎಚ್‌ಡಿ ಕೆಲಸಕ್ಕೆ ಇ-ತ್ಯಾಜ್ಯದ ಕಾರ್ಖಾನೆಯವರು ಹಣ ಹಾಕುತ್ತಿದ್ದಾರೆ ಎಂದು ನಿಮ್ಮಪ್ಪ ಹೇಳಿದ. ಸಂತೋಷ. ಸರ್ಕ್ಯೂಟ್ ಬೋರ್ಡಿನಿಂದ ಚಿನ್ನ ಬಿಡಿಸುವ ಹೊಸ ದ್ರಾವಣ ಕಂಡುಹಿಡಿಯುವ ಆಸೆಯಂತೆ. ಬೇಡ ಅನ್ನುವುದಿಲ್ಲ. ಆದರೆ ಲೋಹಶಾಸ್ತ್ರ ಪಾಠ ಮಾಡಿಯೇ ತಲೆ ನರೆಸಿಕೊಂಡವನ ಮಾತು ಕೇಳುವುದಾದರೆ, ಮೊದಲ ಆರು ತಿಂಗಳು ದ್ರಾವಣದ ತಂಟೆಗೇ ಹೋಗಬೇಡ. ಗೇಟಿನೊಳಗೆ ಬಂದ ಚಿನ್ನ ಎಲ್ಲೆಲ್ಲಿ ಸೋರಿಹೋಗುತ್ತಿದೆ, ಅದನ್ನು ಹುಡುಕು.

2006ರಲ್ಲಿ ಜ್ಯೂರಿಕ್‌ನ ಇಟಿಎಚ್ ವಿದ್ಯಾರ್ಥಿಯೊಬ್ಬ ನಮ್ಮ ಬೆಂಗಳೂರಿನ ಗುಜರಿಯವರು ಚಿನ್ನ ತೆಗೆಯುವ ವಿಧಾನಗಳನ್ನು ಅಳೆದು ನೋಡಿದ. ಸೈನೈಡು, ಪಾದರಸ, ಆಸಿಡ್ಡು, ಎಲ್ಲವೂ ಇದ್ದವು. ಇಷ್ಟೆಲ್ಲ ವಿಷ ಕುಡಿದೂ ಅವರ ಕೈಗೆ ಸಿಗುತ್ತಿದ್ದದ್ದು ಬೋರ್ಡಿನಲ್ಲಿದ್ದ ಚಿನ್ನದ ಸುಮಾರು ಕಾಲು ಭಾಗ. ಬೆಲ್ಜಿಯಂನ ಹೊಬೊಕೆನ್‌ನಲ್ಲಿರುವ ಉಮಿಕೋರ್‌ನಂಥ ಕುಲುಮೆಯಲ್ಲಾದರೆ ಶೇ 95ರಷ್ಟು ಬರುತ್ತದೆ. ಇದನ್ನಷ್ಟೇ ಓದಿದರೆ ಗುಜರಿಯವರನ್ನು ಜರೆದು ಸುಮ್ಮನಾಗಿಬಿಡಬಹುದು.

ಕಥೆ ಅಷ್ಟಕ್ಕೇ ಮುಗಿಯಲಿಲ್ಲ. 2009ರಲ್ಲಿ ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದವರು ಅದೇ ಉಮಿಕೋರ್‌ನ ತಜ್ಞರ ಜೊತೆ ಕೂಡಿ, ಆಧುನಿಕ ಯಂತ್ರಗಳಿದ್ದ ಘಟಕವೊಂದರ ಲೆಕ್ಕ ಪ್ರಕಟಿಸಿದರು. 27 ಟನ್ ಹಳೆಯ ಉಪಕರಣಗಳನ್ನು ಪುಡಿ ಮಾಡಿ, ವಿಂಗಡಿಸಿ, ಒಂದೊಂದು ರಾಶಿಯನ್ನೂ ಪರೀಕ್ಷಿಸಿದ್ದರು. ಚಿನ್ನ ಮರಳಿ ಪಡೆಯಬಹುದಾದ ರಾಶಿಗಳಿಗೆ ತಲುಪಿದ್ದು ಶೇ 25.6 ಮಾತ್ರ, ಬೆಳ್ಳಿ ಶೇ 11.5. ಉಳಿದದ್ದು ಕಬ್ಬಿಣದ ಚೂರಿಗೆ, ಪ್ಲಾಸ್ಟಿಕ್ಕಿಗೆ, ದೂಳಿಗೆ ಅಂಟಿಕೊಂಡು ಹೋಗಿತ್ತು. ಕಬ್ಬಿಣ ಕರಗಿಸುವವನಿಗೆ ಆ ಚಿನ್ನ ಬರೀ ಕಲಬೆರಕೆ.

ನೋಡಿದೆಯಾ? ಗುಜರಿಯವರ ಶೆಡ್ಡಿನಲ್ಲೂ ಕಾಲು ಭಾಗ, ಕೋಟಿಗಟ್ಟಲೆ ಬೆಲೆಯ ಯಂತ್ರದಲ್ಲೂ ಕಾಲು ಭಾಗ. ಆದರೆ ಸೋರುವ ಜಾಗ ಬೇರೆ. ನಮ್ಮವರು ಸ್ಕ್ರೂಡ್ರೈವರ್ ಹಿಡಿದು ಬೋರ್ಡನ್ನು ಇಡಿಯಾಗಿ ಬಿಚ್ಚುವುದರಲ್ಲಿ ಗಟ್ಟಿಗರು, ಕಳೆದುಕೊಳ್ಳುವುದು ಆಸಿಡ್ಡಿನ ತೊಟ್ಟಿಯಲ್ಲಿ. ಯಂತ್ರ ಕಳೆಯುವುದು ಪುಡಿ ಮಾಡುವಾಗಲೇ. ಬಿಚ್ಚುವುದು ಇಲ್ಲಿ, ಕರಗಿಸುವುದು ಒಳ್ಳೆಯ ಕುಲುಮೆಯಲ್ಲಿ ಆಗಲಿ ಎಂಬ ಸಲಹೆ ಹುಟ್ಟಿದ್ದು ಇಂಥ ಲೆಕ್ಕಗಳಿಂದ. ವಿಶ್ವವಿದ್ಯಾಲಯದ ಬಳಿ 27 ಟನ್ ಗುಜರಿ ಇರುವುದಿಲ್ಲ, ಕಾರ್ಖಾನೆಯ ಬಳಿ ರಾಶಿ ರಾಶಿ ಪರೀಕ್ಷಿಸುತ್ತ ಕೂರುವ ಪುರುಸೊತ್ತು ಇರುವುದಿಲ್ಲ. ಇಬ್ಬರೂ ಕೂಡುವುದಕ್ಕೆ ನನಗೆ ಕಾಣುವ ಕಾರಣ ಇದೊಂದೇ. ಫೋಟೊ ತೆಗೆಸಿಕೊಂಡು ಎಂಒಯು ಸಹಿ ಮಾಡುವುದೆಲ್ಲ ಆಮೇಲಿನ ಮಾತು.

ಸ್ಯಾಂಪಲ್ ವಿಷಯದಲ್ಲಿ ಮೈಯೆಲ್ಲಾ ಕಣ್ಣಾಗಿರು. ನೀನು ಕರಗಿಸುವುದು ಒಂದು ಗ್ರಾಂ, ಹೊರಗೆ ಬಿದ್ದಿರುವುದು ಟನ್. ಅಂಚಿನಲ್ಲಿ ಹಳದಿ ಪಟ್ಟಿ ಮಿನುಗುವ ರ‍್ಯಾಮ್ ಚೂರು ನಾಲ್ಕು ಹೆಚ್ಚು ಬಿದ್ದರೆ ನಿನ್ನ ಅಂಕಿ ಜಿಗಿಯುತ್ತದೆ, ಹಳೇ ಟಿವಿ ಬೋರ್ಡು ಬಿದ್ದರೆ ಕುಸಿಯುತ್ತದೆ. ಯಾವ ಲಾಟಿನಲ್ಲಿ ಏನಿದೆ ಎಂದು ಬಿಚ್ಚುವ ಮೇಜಿನ ಹುಡುಗರಿಗೆ ಗೊತ್ತಿರುತ್ತದೆ. ಅವರ ಪಕ್ಕ ಸ್ಟೂಲ್ ಹಾಕಿಕೊಂಡು ಕೂರು. ಹಾಗೆಯೇ, ಚಿನ್ನ ತೆಗೆದ ಮೇಲೆ ಉಳಿದ ನೀರು ಎಲ್ಲಿಗೆ ಹೋಗುತ್ತದೆ ಎಂದೂ ಕೇಳು. ಅದಿಲ್ಲದ ಪ್ರಬಂಧ ಅರ್ಧ ಪ್ರಬಂಧ.

ಪ್ರಯೋಗಾಲಯ, ಕಾರ್ಖಾನೆ ಕೂಡಿ ಮಾಡುವ ಇಂಥ ಜೋಡಿ ಕೆಲಸ ನಮ್ಮಲ್ಲಿ ಆಗದ್ದೇನಲ್ಲ. ಬೋರ್ಡುಗಳಿಂದ ಲೋಹ ತೆಗೆಯುವ ತಂತ್ರಜ್ಞಾನಕ್ಕಾಗಿ ಹೈದರಾಬಾದಿನ ಸಿ-ಮೆಟ್ ಪ್ರಯೋಗಾಲಯ ನಮ್ಮ ದಾಬಸ್‌ಪೇಟೆಯ ಇ-ಪರಿಸರ ಕಂಪನಿಯ ಜೊತೆ ಕೈಜೋಡಿಸಿತ್ತು.

ಕೊನೆಯದಾಗಿ ಕಾಗದದ ಮಾತು. ನಷ್ಟದ ಅಂಕಿ ಹೊರಬೀಳುವುದು ಯಾವ ಮಾಲೀಕನಿಗೂ ಇಷ್ಟವಾಗದು, ಅದು ಸಹಜ. ಹಾಗಾಗಿ ಕಾರ್ಖಾನೆಯ ಹೆಸರು ಹಾಕದೆ ಅಂಕಿ ಪ್ರಕಟಿಸುವ ಹಕ್ಕು ನಿನಗಿರಲಿ, ಅದು ಒಪ್ಪಂದದಲ್ಲೇ ಇರಲಿ. ಸಹಿ ಹಾಕುವ ಮೊದಲು ಆ ಷರತ್ತನ್ನು ನಿನ್ನ ಗೈಡ್ ಜೊತೆ ಕೂತು ಸಾಲು ಸಾಲಾಗಿ ಓದು.